ಅತ್ತೆಯ ತೂಕ ಮತ್ತು ನಮ್ಮ ಪಿಕಪ್ ಟ್ರಕ್ಕು

ಟ್ರಾವೆಲ್ ಟ್ರೇಲರಿಗೆ ಎಂಜಿನ್ ಇರುವುದಿಲ್ಲ ಎಂಬ ಸತ್ಯ ನನಗೆ ದರ್ಶನವಾದದ್ದು ನಾನು ನ್ಯೂಜೆರ್ಸಿಗೆ ಬಂದ ಏಳನೆಯ ತಿಂಗಳಲ್ಲಿ. ಅಲ್ಲಿಯವರೆಗೆ ಟರ್ನ್‌ಪೈಕ್ ಹೆದ್ದಾರಿಯ ಮೇಲೆ ಓಡುತ್ತಿದ್ದ ಆ ಬಿಳಿ ಮನೆಗಳನ್ನು, ಕಿಟಕಿಗೆ ಪರದೆ, ಬಾಗಿಲಿಗೆ ಮೆಟ್ಟಿಲು, ತಲೆಯ ಮೇಲೆ ಆಂಟೆನಾ ಎಲ್ಲ ಇರುವ ಅವನ್ನು, ತಾವಾಗಿಯೇ ಚಲಿಸುವ ವಾಹನಗಳೆಂದು ನಂಬಿದ್ದೆ. ಹಾಗಾದರೆ ಮುಂದೆ ಒಂದು ಪಿಕಪ್ ಟ್ರಕ್ಕು ಇರುತ್ತದಲ್ಲ, ಅದೇನು ಎಂದು ಕೇಳಿದ್ದರೆ ಅದಕ್ಕೂ ನನ್ನಲ್ಲಿ ಉತ್ತರ ಸಿದ್ಧವಿತ್ತು: ಎಸ್ಕಾರ್ಟು. ಬೆಂಗಳೂರಿನಲ್ಲಿ ಮಂತ್ರಿಗಳ ಕಾರಿನ ಮುಂದೆ ಪೊಲೀಸ್ ಜೀಪು ಹೋಗುವುದಿಲ್ಲವೇ, ಹಾಗೆ. ಇಷ್ಟು ಸಣ್ಣ ರಾಜ್ಯದಲ್ಲಿ ಇಷ್ಟೊಂದು ಮಂದಿ ಗಣ್ಯರೇ ಎಂದು ಬೆರಗಾಗುತ್ತಿದ್ದೆ. ಒಂದು ಸಲ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಮನೆಯೊಂದಕ್ಕೆ ಮರ್ಯಾದೆಯಿಂದ ತಲೆ ಬಾಗಿಸಿದ್ದೂ ಉಂಟು. (ಒಳಗೆ ಯಾರೂ ಇರಲಿಲ್ಲವೆಂದು ಈಗ ಗೊತ್ತು.)

ನನ್ನ ಕಣ್ಣು ತೆರೆಸಿದವನು ಸಹೋದ್ಯೋಗಿ ದಿವಾಕರ. "ಲೋ ನವನೀತ, ಅದು ಗಾಡಿ ಅಲ್ಲಯ್ಯ, ಲಗೇಜು. ಮುಂದಿನ ಟ್ರಕ್ಕು ಬಿಚ್ಚಿದ್ರೆ ನಿಂತಲ್ಲೇ ನಿಂತಿರುತ್ತೆ," ಎಂದು ಹೇಳಿ, ಆ ವಾರವೆಲ್ಲ ಜೆರ್ಸಿ ಸಿಟಿಯ ನಮ್ಮ ಆಫೀಸಿನಲ್ಲಿ ಈ ಕಥೆಯನ್ನು ಟೇಬಲ್ಲಿನಿಂದ ಟೇಬಲ್ಲಿಗೆ ಹಂಚಿದ.

ಇಂಥ ನಾನು ಎರಡು ವರ್ಷಗಳ ನಂತರ, ಟ್ರೇಲರ್ ಎಳೆಯಲು ತಕ್ಕ ಟ್ರಕ್ಕನ್ನು ಆರಿಸಲು ಹೊರಟೆ. ಮುಂದೇನಾಯಿತೆಂದು ನೀವು ಊಹಿಸಬಹುದು. ಆದರೆ ದಯವಿಟ್ಟು ಊಹಿಸಬೇಡಿ, ನಿಮ್ಮ ಊಹೆ ನನ್ನ ಮೇಲೆ ಕನಿಕರ ತೋರಿಸುವ ಸಂಭವವಿದೆ.

ಎಲ್ಲಕ್ಕೂ ಮೂಲ ಒಂದು ಒಗ್ಗರಣೆ.

ಅದು ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿ. ಮುಂದಿನ ವರ್ಷ ಎರಡು ಸೊನ್ನೆ ಕಂಡ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಮೂರ್ಛೆ ಹೋಗುತ್ತವೆಂಬ ಭಯದಿಂದ ಅಮೇರಿಕಾ ನಮ್ಮಂಥವರನ್ನು ಕರೆಕರೆದು ಕೆಲಸ ಕೊಡುತ್ತಿದ್ದ ಸುಭಿಕ್ಷ ಕಾಲ. ಆ ಏಪ್ರಿಲಿನಲ್ಲಿ ನನ್ನ ಹೆಂಡತಿ ಸಿಂಧುವಿನ ತಾಯಿ, ತಿಪಟೂರಿನ ಕೊಬ್ಬರಿ ಮಂಡಿ ಮನೆತನದ ಶಿವಗಂಗಮ್ಮನವರು, ನಾಲ್ಕು ತಿಂಗಳಿಗೆಂದು ನಮ್ಮಲ್ಲಿಗೆ ಬಂದರು. ಅತ್ತೆಯವರದು ಒಂದೇ ಒಂದು ನಿಯಮ. ಹೊರಗಡೆ ಬೇಯಿಸಿದ್ದನ್ನು ತಿನ್ನುವುದಿಲ್ಲ. ಯಾವ ಎಣ್ಣೆಯಲ್ಲಿ ಏನು ಕರಿದು ಅದೇ ಎಣ್ಣೆಯಲ್ಲಿ ಇನ್ನೇನು ಕರಿದಿರುತ್ತಾರೋ ಎಂಬ ಅನುಮಾನ.

ಮೇ ತಿಂಗಳಲ್ಲಿ ಅವರನ್ನು ವಾಷಿಂಗ್ಟನ್ನಿಗೆ ಕರೆದುಕೊಂಡು ಹೋದೆವು. ಮೋಟೆಲ್ಲಿನ ರೂಮಿನಲ್ಲಿ ಬೆಳಿಗ್ಗೆ ಎಂಟಕ್ಕೆ ಸಿಂಧು ಎಲೆಕ್ಟ್ರಿಕ್ ಒಲೆ ಹಚ್ಚಿ ಉಪ್ಪಿಟ್ಟಿಗೆ ಸಾಸಿವೆ, ಒಣಮೆಣಸಿನಕಾಯಿ ಹಾಕಿದಳು. ಮೆಣಸಿನಕಾಯಿ ಕಪ್ಪಾಗುವಷ್ಟರಲ್ಲಿ ಇಡೀ ಕಟ್ಟಡದ ಫೈರ್ ಅಲಾರ್ಮು ಹೊಡೆದುಕೊಳ್ಳತೊಡಗಿತು. ಇನ್ನೂರು ಜನ ಪಾರ್ಕಿಂಗ್ ಲಾಟಿಗೆ ಇಳಿದರು. ಕೆಲವರು ಟವೆಲಿನಲ್ಲಿ, ಒಬ್ಬ ಅರ್ಧ ಗಡ್ಡದಲ್ಲಿ. ಅಗ್ನಿಶಾಮಕ ದಳದವನು ನಮ್ಮ ಬಾಣಲೆಯನ್ನು ಬಾಂಬಿನಂತೆ ಎರಡೂ ಕೈಯಲ್ಲಿ ಹಿಡಿದು ಹೊರಗೆ ತಂದ. ಅತ್ತೆ ಅವನಿಗೆ, "ಇನ್ನೂ ರವೆ ಹಾಕಿಲ್ಲ ಕಣಪ್ಪ, ಇರು," ಎಂದರು.

ಒಲೆ ಮ್ಯಾನೇಜರರ ವಶವಾಯಿತು. ಉಳಿದ ಎರಡು ದಿನ ಅತ್ತೆ ಬಾಳೆಹಣ್ಣು ತಿಂದುಕೊಂಡು ಶ್ವೇತಭವನ ನೋಡಿದರು.

"ಅಮೇರಿಕಾಗೆ ಹೋಗಿ ಬಾಳೆಹಣ್ಣು ತಿಂದ್ಕೊಂಡು ಬಂದ್ರು ಅಂತ ನಮ್ಮಮ್ಮ ತಿಪಟೂರಲ್ಲಿ ಹೇಳಿಸ್ಕೋಬೇಕಾ?" ಎಂದಳು ಸಿಂಧು ವಾಪಸು ಬರುವಾಗ. "ಆಗಸ್ಟ್ ಹದಿನಾಲ್ಕಕ್ಕೆ ಅವರ ಟಿಕೆಟ್ಟು. ಅಷ್ಟರೊಳಗೆ ನಯಾಗರಾ ತೋರಿಸ್ಬೇಕು. ಬಿಸಿಬಿಸಿ ಊಟ ಹಾಕಿ ತೋರಿಸ್ಬೇಕು. ನಿಮ್ಮ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ."

ಹೆಂಡತಿ ಹೀಗೆ ಕೇಳಿದಾಗ ಆಗುವುದಿಲ್ಲ ಎನ್ನುವ ಗಂಡಸನ್ನು ನಾನು ನೋಡಿಲ್ಲ. ಅಳಿಯನಾಗಿ ನನ್ನ ಮಾನ ನಯಾಗರಾದ ತುದಿಗೆ ಬಂದು ನಿಂತಿತ್ತು. ಆಗ ಹೊಳೆದದ್ದು ಆ ದಿವ್ಯ ಉಪಾಯ: ಅತ್ತೆ ಹೊರಗಿನ ಊಟ ಮಾಡುವುದಿಲ್ಲ, ಸರಿ. ಅಡಿಗೆಮನೆಯನ್ನೇ ಹೊರಗೆ ತೆಗೆದುಕೊಂಡು ಹೋದರೆ?

ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ದಿವಾಕರನ ಮನೆಯ ಪಕ್ಕದವರೊಬ್ಬರು ಫ್ಲಾರಿಡಾಗೆ ಹೋಗುವವರಿದ್ದರು. ಅವರ ಹಳೆಯ ಟ್ರಾವೆಲ್ ಟ್ರೇಲರನ್ನು ನಾನು ತೆಗೆದುಕೊಂಡೆ. ಒಳಗೆ ಒಲೆ, ಸಿಂಕು, ಮೂರು ಹಾಸಿಗೆ, ಒಂದು ಬಚ್ಚಲು. ನನ್ನ ಅಪಾರ್ಟ್‌ಮೆಂಟಿನಲ್ಲಿ ಅದನ್ನು ನಿಲ್ಲಿಸಲು ಜಾಗವಿಲ್ಲದ್ದರಿಂದ ಅದು ದಿವಾಕರನ ಮನೆ ಮುಂದಿನ ಡ್ರೈವ್‌ವೇಯಲ್ಲಿ ಕೂತಿತು. ದಿವಾಕರನ ಹೆಂಡತಿ ಶೈಲಜಾ ಬಾಗಿಲಲ್ಲಿ ನಿಂತು, "ಎಷ್ಟು ದಿನ ಇರುತ್ತೆ ಇದು?" ಎಂದು ಕೇಳಿದಳು. ಅದನ್ನು ಎಳೆಯಲು ನನ್ನಲ್ಲಿದ್ದದ್ದು ಒಂದು ಹಳೆಯ ಸಣ್ಣ ಕಾರು. "ಇದು ಅದನ್ನ ಎಳೆಯೋದಾ? ಅದೇ ಇದನ್ನ ಎಳ್ಕೊಂಡು ಹೋಗುತ್ತೆ," ಎಂದ ದಿವಾಕರ.

ಟ್ರಕ್ಕು ಬೇಕಾಗಿತ್ತು. ನಾನು ಕಂಪ್ಯೂಟರಿನಲ್ಲಿ ಒಂದು ಸ್ಪ್ರೆಡ್‌ಶೀಟ್ ತೆರೆದೆ. ನಲವತ್ತಮೂರು ಕಾಲಮ್ಮು. ಎಂಜಿನ್ನಿನ ಶಕ್ತಿ, ಚಕ್ರಗಳ ನಡುವಿನ ಅಂತರ, ಕಪ್ ಇಡುವ ಜಾಗಗಳ ಸಂಖ್ಯೆ, ಎಲ್ಲಕ್ಕೂ ಅಂಕ. ಆಫೀಸಿನಲ್ಲಿ ಬ್ಯಾಂಕಿನ ಸಾಫ್ಟ್‌ವೇರ್ ಕೆಟ್ಟರೂ ನನ್ನ ಸ್ಪ್ರೆಡ್‌ಶೀಟ್ ಕೆಡಬಾರದೆಂಬ ನಿಷ್ಠೆಯಿಂದ ಹತ್ತು ದಿನ ದುಡಿದೆ.

ನಂತರ ದಿವಾಕರನನ್ನು ಕರೆದುಕೊಂಡು ಈಸ್ಟ್ ಬ್ರನ್ಸ್‌ವಿಕ್ಕಿನ ಒಂದು ಟ್ರಕ್ ಅಂಗಡಿಗೆ ಹೋದೆ. ಅಲ್ಲಿ ಫ್ರ್ಯಾಂಕ್ ಎಂಬ ದಪ್ಪ ಮೀಸೆಯ ಸೇಲ್ಸ್‌ಮನ್. ಇಪ್ಪತ್ತೈದು ವರ್ಷದ ಅನುಭವವಿದ್ದ ಆತನಿಗೆ ನಾನು ಕೇಳಿದ ಮೊದಲ ಪ್ರಶ್ನೆ: "ಮೈಲೇಜ್ ಎಷ್ಟು ಕೊಡುತ್ತೆ?"

ಎಂಟು ಸಿಲಿಂಡರಿನ ಟ್ರಕ್ಕಿನ ಪಕ್ಕದಲ್ಲಿ ನಿಂತು ಈ ಪ್ರಶ್ನೆ ಕೇಳಿದ ಪ್ರಾಣಿಯನ್ನು ಫ್ರ್ಯಾಂಕ್ ಹಿಂದೆ ಕಂಡಿರಲಿಲ್ಲ.

ಮೂರು ಟ್ರಕ್ಕುಗಳು ಅಂತಿಮ ಸುತ್ತಿಗೆ ಬಂದವು. ಒಂದು ಸಣ್ಣದು. ಮೈಲೇಜು ಅದ್ಭುತ, ಆದರೆ ನಮ್ಮ ಟ್ರೇಲರು ಸೀನಿದರೆ ಹಾರಿಹೋಗುವಂಥದ್ದು. ಇನ್ನೊಂದು ದೈತ್ಯ. ಅದರ ಸೀಟು ನನ್ನ ಎದೆಯ ಮಟ್ಟಕ್ಕಿತ್ತು, ಅತ್ತೆಯನ್ನು ಅದಕ್ಕೆ ಹತ್ತಿಸಲು ಏಣಿ ಬೇಕು. ಮೂರನೆಯದು ಮಧ್ಯಮ ಗಾತ್ರದ ಕೆಂಪು ಟ್ರಕ್ಕು. ಬ್ರೋಷರಿನಲ್ಲಿ ಅದು ಏಳು ಸಾವಿರ ಪೌಂಡು ಎಳೆಯುತ್ತದೆ ಎಂದಿತ್ತು. ನಮ್ಮ ಟ್ರೇಲರು ತುಂಬಿದರೆ ಐದು ಸಾವಿರ. ನಾನು ಗೆದ್ದವನಂತೆ ಕೈಚಾಚಿದೆ.

ಫ್ರ್ಯಾಂಕ್ ಕೈ ಕೊಡಲಿಲ್ಲ. "ಎಳೆಯೋದು ಬೇರೆ, ಹೊರೋದು ಬೇರೆ," ಎಂದ. ಚಾಲಕನ ಬಾಗಿಲು ತೆರೆದು ಅಂಚಿನಲ್ಲಿ ಅಂಟಿಸಿದ್ದ ಒಂದು ಚೀಟಿ ತೋರಿಸಿದ. ಟ್ರಕ್ಕಿನ ಸ್ವಂತ ತೂಕ ಕಳೆದರೆ ಅದರ ಬೆನ್ನು ತಾಳುವುದು ಸಾವಿರದ ಮುನ್ನೂರು ಪೌಂಡು ಮಾತ್ರ. ಟ್ರೇಲರಿನ ಮೂತಿ ಕೊಂಡಿಯ ಮೇಲೆ ಕೂತರೆ ಅದರಲ್ಲಿ ಆರುನೂರನ್ನು ಅದೇ ತಿನ್ನುತ್ತದೆ. "ಉಳಿದದ್ದು ಏಳುನೂರು. ಅದರಲ್ಲೇ ನಿಮ್ಮ ಜನ, ನಿಮ್ಮ ಸಾಮಾನು. ಯಾರ್ಯಾರು ಬರ್ತೀರಿ, ಯಾರ ತೂಕ ಎಷ್ಟು?"

ನನ್ನ ನಲವತ್ತಮೂರು ಕಾಲಮ್ಮುಗಳಲ್ಲಿ ಇದೊಂದು ಇರಲಿಲ್ಲ.

"ನಾನು ನೂರ ನಲವತ್ತೈದು," ಎಂದೆ. (ವೀಸಾ ಮೆಡಿಕಲ್ಲಿನಲ್ಲಿ ಬರೆದದ್ದು.) "ನನ್ನ ಹೆಂಡತಿ, ಮತ್ತೆ, ನನ್ನ ಅತ್ತೆ..."

"ನಿಮ್ಮ ಅತ್ತೆಯ ತೂಕ ಎಷ್ಟು?"

ದಿವಾಕರ ಎರಡು ಹೆಜ್ಜೆ ಹಿಂದೆ ಸರಿದು ಬೇರೊಂದು ಟ್ರಕ್ಕಿನ ಟೈರನ್ನು ಪರೀಕ್ಷಿಸತೊಡಗಿದ.

"ಮನೆಗೆ ಹೋಗಿ ಕೇಳಿಕೊಂಡು ಬನ್ನಿ," ಎಂದ ಫ್ರ್ಯಾಂಕ್, ಮನೆಗೆ ಹೋಗಿ ಹಾಲಿದೆಯಾ ನೋಡಿ ಎನ್ನುವಷ್ಟು ಸಲೀಸಾಗಿ. ಪಾಪ, ಅವನಿಗೆ ತಿಪಟೂರು ಗೊತ್ತಿಲ್ಲ. ಅಳಿಯ ಅತ್ತೆಯ ಮುಂದೆ ಕಾಲ ಮೇಲೆ ಕಾಲು ಹಾಕಿಕೊಳ್ಳದ ಮನೆತನದಲ್ಲಿ, ಅತ್ತೆಯವರೇ ನಿಮ್ಮ ತೂಕವೆಷ್ಟು ಎಂದು ಕೇಳುವುದು ಹೇಗೆ?

ಕೇಳದೆಯೇ ತಿಳಿಯಬೇಕು. ಮರುದಿನ ಒಂದು ತೂಕದ ಯಂತ್ರ ತಂದು, ಅತ್ತೆ ಓಡಾಡುವ ದಾರಿಯಲ್ಲಿ, ಅಡಿಗೆಮನೆಯ ಬಾಗಿಲಿಗೆ ಇಟ್ಟೆ. ಮನುಷ್ಯರಾದವರು ಅದನ್ನು ಕಂಡರೆ ಒಮ್ಮೆ ಹತ್ತಿ ನೋಡದೆ ಇರುವುದಿಲ್ಲವೆಂದು ನನ್ನ ಲೆಕ್ಕಾಚಾರ.

ಅತ್ತೆ ಅದನ್ನು ಕಾಲಿನಿಂದ ಒಮ್ಮೆ ತಳ್ಳಿ ನೋಡಿ, ಗೋಡೆಯ ಹತ್ತಿರ ಎಳೆದುಕೊಂಡು, ಅದರ ಮೇಲೆ ಕೂತು, ಹುರುಳಿಕಾಯಿ ಬಿಡಿಸತೊಡಗಿದರು. "ಮಣೆ ಚೆನ್ನಾಗಿದೆ ಅಳಿಯಂದ್ರೇ. ಒಳ್ಳೇದು ತಂದ್ರಿ."

ಕೂತದ್ದೇನೋ ಸರಿ, ತೂಕ ತೋರಿಸುವ ಮುಳ್ಳು ಇದ್ದದ್ದು ಸೀರೆಯ ನೆರಿಗೆಯ ಕೆಳಗೆ. ನಾನು ಟಾರ್ಚು ತೆಗೆದುಕೊಂಡು ನೆಲದ ಮೇಲೆ ಬೋರಲು ಮಲಗಿ, ಹಲ್ಲಿಯಂತೆ ತೆವಳಿಕೊಂಡು ಮೂರು ಅಡಿ ದೂರದವರೆಗೆ ತಲುಪಿದ್ದೆ. ಅಷ್ಟರಲ್ಲಿ ಬಾಗಿಲು ತೆರೆದು ಸಿಂಧು ಒಳಗೆ ಬಂದಳು.

"ಏನ್ರೀ ಮಾಡ್ತಿದ್ದೀರಾ?"

"ಪೆನ್ನು ಬಿದ್ದೋಯ್ತು."

"ಅಮ್ಮನ ಸೀರೆ ಹತ್ರಾನಾ?"

"ಉರುಳ್ಕೊಂಡು ಹೋಯ್ತು ಕಣೇ."

"ಜೇಬಲ್ಲಿರೋದು ಏನು?"

ಜೇಬಿನಲ್ಲಿದ್ದದ್ದು ಪೆನ್ನು. ಅವಳು ನನ್ನನ್ನು ರೂಮಿಗೆ ಕರೆದುಕೊಂಡು ಹೋದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ.

"ನಮ್ಮಮ್ಮನ್ನ ತೂಗೋಕೆ ಹೊರಟಿದ್ದೀರಾ? ಅವರೇನು ಆಲೂಗಡ್ಡೆ ಮೂಟೆನಾ?"

"ನಾನಲ್ಲ, ಫ್ರ್ಯಾಂಕ್ ಕೇಳಿದ್ದು."

"ಯಾರ್ರೀ ಅವನು ಫ್ರ್ಯಾಂಕು? ಕಂಡೋರ ಹತ್ರ ಎಲ್ಲ ನಮ್ಮಮ್ಮನ ತೂಕ ಮಾತಾಡ್ಕೊಂಡು ಬಂದ್ರಾ?"

"ಎಲ್ಲರದೂ ಬೇಕಂತೆ. ಈಗ ನಿನ್ನದೂ ಹಾಕಿದೀನಿ."

"ಓಹೋ. ನಂದು ಎಷ್ಟು ಹಾಕಿದ್ರಿ?"

(ಓದುಗರಲ್ಲಿ ಮದುವೆಯಾದ ಗಂಡಸರು ಇಲ್ಲಿ ಒಂದು ನಿಮಿಷ ಎದ್ದು ನಿಂತು ಮೌನ ಆಚರಿಸಬೇಕಾಗಿ ವಿನಂತಿ.)

"ನೂರ ಮೂವತ್ತು."

"ನೂರ ಇಪ್ಪತ್ತೊಂಬತ್ತೂವರೆ," ಎಂದಳು. ಆ ಅರ್ಧ ಪೌಂಡಿಗಾಗಿ ನಾನು ಎರಡು ದಿನ ನಾನೇ ಕಾಫಿ ಮಾಡಿಕೊಂಡು ಕುಡಿದೆ. ಮೂರನೆಯ ದಿನ ಆಜ್ಞೆ ಹೊರಬಿತ್ತು: "ಅಮ್ಮನ್ನ ಮಾತ್ರ ಕೇಳ್ಕೂಡದು. ಮನಸ್ಸಿಗೆ ಹಚ್ಕೋತಾರೆ. ಎಷ್ಟೋ ಒಂದು ಅಂದಾಜು ಹಾಕ್ಕೊಳ್ಳಿ."

ಅಂದಾಜು ಹಾಕಿದೆ. ಅತ್ತೆಯವರದು ಸಣ್ಣ ಶರೀರವೇ. ಆದರೆ ಅವರು ಒಳಗೆ ಬಂದರೆ ಇಡೀ ಕೋಣೆ ತುಂಬಿದಂತಾಗಿ ನಾನು ಸೋಫಾದ ಮೂಲೆಗೆ ಸರಿಯುತ್ತಿದ್ದೆನಲ್ಲ, ಅದನ್ನು ಬಿಡುವಂತಿಲ್ಲ. ನೂರ ಇಪ್ಪತ್ತು ಪೌಂಡು ಶರೀರಕ್ಕೆ, ಅರವತ್ತು ಗೌರವಕ್ಕೆ, ಒಟ್ಟು ನೂರ ಎಂಬತ್ತು ಎಂದು ಬರೆದೆ. ಆಫೀಸಿಗೆ ಬೇಕಾಗುವ ಕಂಪ್ಯೂಟರು ಮತ್ತು ನನ್ನ ಟೂಲ್‌ಬಾಕ್ಸಿಗೆ ನೂರ ಹತ್ತು. ಕೊನೆಗೆ ಅಡಿಗೆ ಸಾಮಾನು ಎಂಬ ಕಾಲಮ್ಮು ಉಳಿಯಿತು. ಒಂದು ಕುಕ್ಕರು, ನಾಲ್ಕು ತಟ್ಟೆ, ಇನ್ನೇನಿರುತ್ತದೆ? ಐವತ್ತು. ಎಲ್ಲ ಕೂಡಿದರೆ ಆರುನೂರ ಹದಿನೈದು. ಏಳುನೂರಕ್ಕೆ ಇನ್ನೂ ಎಂಬತ್ತೈದು ಪೌಂಡು ಬಾಕಿ.

ಫ್ರ್ಯಾಂಕ್ ಆ ಕಾಗದವನ್ನು ಓದಿ, "ದೊಡ್ಡದನ್ನೇ ತಗೊಳ್ಳಿ," ಎಂದ.

"ಮೈಲೇಜು," ಎಂದೆವು ನಾನೂ ದಿವಾಕರನೂ ಒಟ್ಟಿಗೆ.

"ಸರಿ. ಆದರೆ ಎಲ್ಲ ತುಂಬಿದ ಮೇಲೆ ಒಮ್ಮೆ ತೂಗಿಸ್ತೀನಿ ಅಂತ ಮಾತು ಕೊಡಿ," ಎಂದು ಫ್ರ್ಯಾಂಕ್ ಕೈ ಹಿಡಿದ. ಕೊಟ್ಟೆ. ದಿವಾಕರ ಆ ಕೆಂಪು ಟ್ರಕ್ಕಿಗೆ ಇನ್ನೂ ಮುಕ್ಕಾಲು ಗಂಟೆ ಚೌಕಾಸಿ ಮಾಡಿ, ಕಾಲೊರೆಸುವ ಮ್ಯಾಟುಗಳನ್ನು ಬಿಟ್ಟಿ ಹಾಕಿಸಿಕೊಂಡ.

ಭಾನುವಾರ ಬೆಳಿಗ್ಗೆ ಒಂದು ಮುಚ್ಚಿದ ಅಂಗಡಿಯ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಅಭ್ಯಾಸ. ಟ್ರೇಲರು ಕಟ್ಟಿಕೊಂಡು ರಿವರ್ಸ್ ಹೋಗುವುದರಲ್ಲಿ ಒಂದು ವಿಶೇಷವಿದೆ. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲಿ ನನ್ನ ಮಾತಿಗೆ ಆಗುವುದೂ ಅದೇ ಆದ್ದರಿಂದ ನನಗೆ ಬೇಗ ಒಗ್ಗಬೇಕಿತ್ತು. ಒಗ್ಗಲಿಲ್ಲ. ಮೂರು ಶಾಪಿಂಗ್ ಕಾರ್ಟು, ಒಂದು ಕಸದ ಡಬ್ಬ ನೆಲಕ್ಕುರುಳಿದವು.

"ಇಳೀರಿ," ಎಂದಳು ಸಿಂಧು. ಹತ್ತಿ ಕೂತು, ಕನ್ನಡಿ ನೋಡಿಕೊಂಡು, ಒಂದೇ ಸಲಕ್ಕೆ ಟ್ರೇಲರನ್ನು ಎರಡು ಬಿಳಿ ಗೆರೆಗಳ ನಡುವೆ ತಂದು ನಿಲ್ಲಿಸಿದಳು. ಅಂದಿನಿಂದ ನಾನು ಮ್ಯಾಪು ಹಿಡಿದುಕೊಳ್ಳುವವನು.

ಜುಲೈ ಕೊನೆಯ ಶನಿವಾರ ಬೆಳಿಗ್ಗೆ ದಿವಾಕರನ ಮನೆಯಿಂದ ಹೊರಡುವುದೆಂದಾಯಿತು. ಟ್ರೇಲರಿನೊಳಗೆ ಹಾಸಿಗೆ, ನೀರು, ಬಟ್ಟೆ ತುಂಬಿ ಅದರ ಐದು ಸಾವಿರ ಪೌಂಡಿನ ಮಿತಿ ಅಲ್ಲಿಗೆ ಮುಗಿದಿತ್ತು. ಉಳಿದದ್ದೆಲ್ಲ ಟ್ರಕ್ಕಿನ ಹಿಂಭಾಗಕ್ಕೆ. ಅತ್ತೆ ಒಂದೊಂದಾಗಿ ತೆಗೆಸಿದರು. ಮೂರು ಕುಕ್ಕರು. ಇಡ್ಲಿ ಪಾತ್ರೆ. ಅಕ್ಕಿ ಮೂಟೆ. ಬೇಳೆ, ಬೆಲ್ಲ, ಎರಡು ಡಜನ್ ತೆಂಗಿನಕಾಯಿ. ಹಿತ್ತಾಳೆ ಕೊಳದಪ್ಪಲೆ. ಕೊನೆಗೆ ಎಡಿಸನ್ನಿನ ಇಂಡಿಯನ್ ಅಂಗಡಿಯಲ್ಲಿ ತೆಗೆದುಕೊಂಡಿದ್ದ ಕಲ್ಲಿನ ವೆಟ್ ಗ್ರೈಂಡರು.

"ಅತ್ತೆ, ಮೂರು ದಿನಕ್ಕೆ ಗ್ರೈಂಡರು ಯಾಕೆ?"

"ಇಡ್ಲಿ ಹಿಟ್ಟು ಯಾರು ರುಬ್ತಾರೆ, ನಯಾಗರಾನಾ?"

ಅದನ್ನು ಹತ್ತಿಸುವುದೇ ಒಂದು ಪ್ರಾಜೆಕ್ಟು. ಹಲಗೆ ಇಟ್ಟು, ಹಗ್ಗ ಕಟ್ಟಿ, ನಾನು ಕೆಳಗಿನಿಂದ ತಳ್ಳಿ, ದಿವಾಕರ ಮೇಲಿನಿಂದ ಎಳೆದು, ಅರ್ಧ ಗಂಟೆ ಹಿಡಿಯಿತು. ನನ್ನ ಕಂಪ್ಯೂಟರನ್ನೂ ಅದರ ಪಕ್ಕ ಇಟ್ಟೆ. ಆಫೀಸಿನಲ್ಲಿ ಏನಾದರೂ ಕೆಟ್ಟರೆ ಕ್ಯಾಂಪ್‌ಗ್ರೌಂಡಿನ ಫೋನ್ ಲೈನಿನಿಂದ ಸರಿ ಮಾಡುತ್ತೇನೆಂದು ಹೇಳಿ ರಜೆ ಪಡೆದಿದ್ದೆ.

ಹೊರಟೆವು. ಸಿಂಧು ಡ್ರೈವಿಂಗು, ಅತ್ತೆ ಪಕ್ಕದಲ್ಲಿ, ನಾನು ಹಿಂದಿನ ಸಣ್ಣ ಸೀಟಿನಲ್ಲಿ ಮೊಣಕಾಲನ್ನು ಗಲ್ಲಕ್ಕೆ ಆನಿಸಿಕೊಂಡು. ದಿವಾಕರ ತನ್ನ ಕಾರಿನಲ್ಲಿ ಹಿಂದೆ ಬಂದ, ತೂಗಿಸುವವರೆಗೂ ಜೊತೆಗಿರಲಿ ಎಂದು. (ಟ್ರೇಲರು ನಿಜವಾಗಿಯೂ ಹೋಯಿತೆಂದು ಖಚಿತಪಡಿಸಿಕೊಂಡು ಬಾ ಎಂದು ಶೈಲಜಾ ಕಳಿಸಿದ್ದಳೆಂದು ಆಮೇಲೆ ಗೊತ್ತಾಯಿತು.)

ರೂಟ್ ಎಂಬತ್ತು ಎಂಬ ಹೆದ್ದಾರಿಯ ಪಕ್ಕದ ಒಂದು ಟ್ರಕ್ ಸ್ಟಾಪಿನಲ್ಲಿ ಲಾರಿಗಳನ್ನು ತೂಗುವ ಕಟ್ಟೆಯಿತ್ತು. ಸಿಂಧು ನಾಜೂಕಾಗಿ ಹತ್ತಿಸಿದಳು. ಕಿಟಕಿಯ ಒಳಗಿದ್ದ ಮನುಷ್ಯ ಚೀಟಿ ಕೊಟ್ಟ. ನಾನು ಕೂಡಿ ಕಳೆದು ನೋಡಿದೆ. ಮತ್ತೊಮ್ಮೆ ನೋಡಿದೆ. ನೂರ ತೊಂಬತ್ತು ಪೌಂಡು ಹೆಚ್ಚು.

ಎಲ್ಲರೂ ಇಳಿದರು. ನನ್ನ ಕಣ್ಣು, ನಾನು ಬೇಡವೆಂದರೂ, ಅತ್ತೆಯವರ ಕಡೆ ಹೋಯಿತು. ನೂರ ಎಂಬತ್ತೂ ಸಾಲದಾಯಿತೇ ಎಂದು ಮನಸ್ಸಿನಲ್ಲೇ ಅಂದುಕೊಂಡದ್ದು ಮುಖದ ಮೇಲೆ ಕಾಣಿಸಿರಬೇಕು.

"ಏನು ಹಾಗೆ ನೋಡ್ತೀರಿ? ನನ್ನ ತೂಕ ಬೇಕಾ?" ಎಂದರು ಅತ್ತೆ. "ನಲವತ್ತೊಂಬತ್ತು ಕೆಜಿ."

ನಲವತ್ತೊಂಬತ್ತು ಕೆಜಿ ಎಂದರೆ ನೂರ ಎಂಟು ಪೌಂಡು.

"ಕೊಬ್ಬರಿ ಮಂಡಿಲಿ ತಕ್ಕಡಿ ಮೇಲೆ ಆಡ್ಕೊಂಡು ಬೆಳೆದೋಳು ನಾನು. ಲಾರಿ ತೂಗೋದು, ಮೂಟೆ ತೂಗೋದು, ಜೊತೇಲಿ ನಾವೂ ಹತ್ತಿ ನೋಡ್ಕೊಳ್ಳೋದು. ಇದರಲ್ಲಿ ನಾಚ್ಕೊಳ್ಳೋದು ಏನಿದೆ? ಒಂದು ಮಾತು ಕೇಳಿದ್ರೆ ಹೇಳ್ತಿದ್ನಪ್ಪ. ಅದು ಬಿಟ್ಟು ನೆಲದ ಮೇಲೆ ಯಾಕೆ ಹೊರಳಾಡಿದ್ರಿ?"

ದಿವಾಕರ ಆಕಾಶ ನೋಡಿದ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದರು, ಮಂಡಿಗೆ ಬಂದ ಮೂಟೆಯನ್ನು ನೋಡುವಂತೆ. "ನೀವು ಎಂಬತ್ನಾಲ್ಕು ಕೆಜಿ. ಏಪ್ರಿಲಲ್ಲಿ ಇಷ್ಟಿರಲಿಲ್ಲ, ನನ್ನ ಕೈ ಅಡಿಗೆ ಹಿಡಿಸಿದೆ."

ಎಂಬತ್ನಾಲ್ಕು ಕೆಜಿ ಎಂದರೆ ನೂರ ಎಂಬತ್ತೈದು ಪೌಂಡು. ನಾನು ಬರೆದದ್ದು ನೂರ ನಲವತ್ತೈದು. ಕಿಟಕಿಯ ಮನುಷ್ಯನಿಗೆ ವಿನಂತಿಸಿ ನನ್ನೊಬ್ಬನನ್ನೇ ಕಟ್ಟೆಯ ಮೇಲೆ ನಿಲ್ಲಿಸಿ ತೂಗಿಸುವ ಮೊದಲೇ ಅತ್ತೆಯ ಲೆಕ್ಕವನ್ನು ಒಪ್ಪಿಕೊಂಡೆ. ಇನ್ನು ಅಡಿಗೆ ಸಾಮಾನಿಗೆ ನಾನು ಕೊಟ್ಟಿದ್ದ ಐವತ್ತು ಪೌಂಡು ಆ ತೆಂಗಿನಕಾಯಿಗಳಿಗೇ ಸರಿಹೋಗುವಂತಿತ್ತು. ಅಡಿಗೆಮನೆಯ ಬಾಗಿಲಾಚೆ ನಿಂತು ತಿಂದವನ ಅಂದಾಜು ಅದು, ಒಳಗೆ ಹೋಗಿ ನೋಡಿದವನದಲ್ಲ.

ತ್ಯಾಗ ನನ್ನಿಂದಲೇ ಶುರುವಾಗಲಿ ಎಂದು ಕಂಪ್ಯೂಟರು, ಟೂಲ್‌ಬಾಕ್ಸು ಎರಡನ್ನೂ ದಿವಾಕರನ ಕಾರಿಗೆ ಹಾಕಿದೆ. ನೂರ ಹತ್ತು ಹೋಯಿತು, ಇನ್ನೂ ಎಂಬತ್ತು ಹೆಚ್ಚು.

"ಅಕ್ಕಿ?" ಎಂದೆ.

"ಅನ್ನ ಬೇಡ್ವಾ?"

"ಕುಕ್ಕರು?"

"ಅಕ್ಕಿ ಕೈಲಿ ಬೇಯಿಸ್ಲಾ?"

ದಿವಾಕರ ಚೀಟಿಯ ಹಿಂದೆ ಬರೆಯತೊಡಗಿದ. "ಪುಡಿ ಸಾಮಾನು ಇಳಿಸ್ತಾ ಕೂತ್ರೆ ಸಂಜೆ ಆಗುತ್ತೆ. ಎಂಬತ್ತು ಪೌಂಡಿಗಿಂತ ಹೆಚ್ಚಿರೋದು ನಾಲ್ಕೇ. ಆಂಟಿ, ಸಿಂಧು, ಗ್ರೈಂಡರು, ನೀನು. ಆಂಟಿಗೋಸ್ಕರಾನೇ ಟ್ರಿಪ್ಪು. ಸಿಂಧು ಬಿಟ್ರೆ ಟ್ರಕ್ ಓಡಿಸೋರಿಲ್ಲ."

ಹೇಳಿ, ಪೆನ್ನಿನ ಮುಚ್ಚಳ ಹಾಕಿದ. ಉಳಿದ ಎರಡು ಹೆಸರುಗಳು ಬಿಸಿಲಿನಲ್ಲಿ ಪಕ್ಕಪಕ್ಕದಲ್ಲಿ ನಿಂತಿದ್ದವು. ನಾನು ಸಿಂಧುವಿನ ಮುಖ ನೋಡಿದೆ. ಅವಳು ತಟ್ಟನೆ ಕನ್ನಡಿ ಒರೆಸುವ ಕೆಲಸ ಹಚ್ಚಿಕೊಂಡಳು. ಹಿಂದೆ ಸರದಿಯಲ್ಲಿ ನಿಂತಿದ್ದ ದೊಡ್ಡ ಲಾರಿಯವನು ಹಾರ್ನು ಮಾಡಿದ.

ಹೇಗೂ ಮಾನ ಹೋಗಿದೆ, ಕೇಳಿಯೇ ಬಿಡೋಣವೆನಿಸಿತು. ಎರಡು ತಿಂಗಳು ಬೆವರು ಸುರಿಸಿ ಮನೆ, ಟ್ರಕ್ಕು ಎಲ್ಲ ಹೊಂದಿಸಿದ ಅಳಿಯ ನಾನು. ಯಾವ ಅತ್ತೆಯ ಬಾಯಲ್ಲೂ ಒಂದೇ ಉತ್ತರ ಬರಬೇಕು.

"ನೀವೇ ಹೇಳಿ ಅತ್ತೆ," ಎಂದೆ. "ನಯಾಗರಾಗೆ ನಿಮ್ಮ ಜೊತೆ ಗ್ರೈಂಡರು ಬರಬೇಕಾ, ನಾನು ಬರಬೇಕಾ?"

ಅತ್ತೆ ಗ್ರೈಂಡರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಸೆರಗು ಸರಿಮಾಡಿಕೊಂಡು ಟ್ರಕ್ಕು ಹತ್ತಿ ಕೂತರು.

"ಅದನ್ನ ಇಳಿಸೋಕೆ ಇಬ್ಬರು ಬೇಕು ಅಳಿಯಂದ್ರೇ. ನೀವಾದ್ರೆ ಆಗಲೇ ಇಳಿದಿದ್ದೀರಲ್ಲ."